ಆಸ್ಪತ್ರೆಗಳಲ್ಲಿ ಶುಶ್ರೂಷಾ ಸಿಬ್ಬಂದಿ: ರೋಗಿಯ ಸುರಕ್ಷತೆ ಮತ್ತು ವೇತನ ವೆಚ್ಚ – ಗಲಗಲಿ ಭಾಗದ ನಾಗರಿಕರಿಗಾಗಿ ಒಂದು ವಿಶ್ಲೇಷಣೆ

1. ಪೀಠಿಕೆ

ಸರ್ಕಾರಿ ಆಸ್ಪತ್ರೆಗೆ ಬರುವ ನಾಗರಿಕರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ "ಡಾಕ್ಟರು ಇದ್ದಾರೆಯೇ?" ಎಂಬುದು. ಆದರೆ ಒಳರೋಗಿಯಾಗಿ ದಾಖಲಾದ ವ್ಯಕ್ತಿಯ ಬಳಿ ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ವೈದ್ಯರು ಇರುವ ಅವಧಿ ಕೆಲವು ನಿಮಿಷಗಳು ಮಾತ್ರ. ಉಳಿದ ಸಮಯದಲ್ಲಿ ರೋಗಿಯ ನಾಡಿ, ರಕ್ತದೊತ್ತಡ, ಉಸಿರಾಟ, ಸಲೈನ್, ಔಷಧದ ಪ್ರಮಾಣ ಇವೆಲ್ಲವನ್ನೂ ಗಮನಿಸುವವರು ಶುಶ್ರೂಷಾಧಿಕಾರಿಗಳು, ಅಂದರೆ ಜನರು ಸಿಸ್ಟರ್ ಅಥವಾ ನರ್ಸ್ ಎಂದು ಕರೆಯುವ ಸಿಬ್ಬಂದಿ. ರೋಗಿಯ ಸ್ಥಿತಿ ಹದಗೆಡುತ್ತಿರುವುದನ್ನು ಮೊದಲು ಗುರುತಿಸಿ ವೈದ್ಯರಿಗೆ ತಿಳಿಸಬೇಕಾದವರೂ ಅವರೇ ಆಗಿರುತ್ತಾರೆ.

ಆಸ್ಪತ್ರೆಯ ವೆಚ್ಚದಲ್ಲಿ ಸಿಬ್ಬಂದಿಯ ವೇತನವು ದೊಡ್ಡ ಬಾಬ್ತು. ಆದ್ದರಿಂದ ವೆಚ್ಚ ಮಿತಗೊಳಿಸಬೇಕಾದಾಗ ಶುಶ್ರೂಷಾ ಹುದ್ದೆಗಳತ್ತ ಮೊದಲು ದೃಷ್ಟಿ ಹೋಗುವುದು ಸಹಜ. ಖಾಲಿ ಹುದ್ದೆಯಿಂದ ಆಗುವ ಉಳಿತಾಯ ಲೆಕ್ಕಪತ್ರದಲ್ಲಿ ತಕ್ಷಣ ಕಾಣುತ್ತದೆ. ಅದರಿಂದ ಆಗುವ ಹಾನಿ ಯಾವ ಲೆಕ್ಕಪತ್ರದಲ್ಲಿಯೂ ನೇರವಾಗಿ ನಮೂದಾಗುವುದಿಲ್ಲ. ಈ ಎರಡರ ನಡುವಿನ ಸಮತೋಲನ ಹೇಗಿರಬೇಕು ಎಂಬುದನ್ನು ಬಾಗಲಕೋಟೆ ಜಿಲ್ಲೆಯ ಗಲಗಲಿ ಭಾಗವನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

2. ಗಲಗಲಿ ಭಾಗದ ಸ್ಥಿತಿಗತಿ

ಗಲಗಲಿಯು ಬೀಳಗಿ ತಾಲ್ಲೂಕಿಗೆ ಸೇರಿದ, ಕೃಷ್ಣಾ ನದಿಯ ದಡದಲ್ಲಿರುವ ಗ್ರಾಮ. ನದಿಯ ಆಚೆಗೆ ವಿಜಯಪುರ ಜಿಲ್ಲೆ ಆರಂಭವಾಗುತ್ತದೆ. ಈಚೆಗೆ ಬೀಳಗಿ, ಮುಧೋಳ, ಜಮಖಂಡಿ ಹಾಗೂ 2018ರಲ್ಲಿ ಹೊಸ ತಾಲ್ಲೂಕಾಗಿ ಕಾರ್ಯಾರಂಭ ಮಾಡಿದ ರಬಕವಿ-ಬನಹಟ್ಟಿ ಇವೆ. ಕಬ್ಬು ಈ ಭಾಗದ ಮುಖ್ಯ ಬೆಳೆ. ರಬಕವಿ-ಬನಹಟ್ಟಿಯಲ್ಲಿ ನೇಕಾರಿಕೆ ಸಾವಿರಾರು ಕುಟುಂಬಗಳ ಜೀವನಾಧಾರ.

ಸರ್ಕಾರಿ ಆರೋಗ್ಯ ಸೇವೆಯು ಮೆಟ್ಟಿಲುಗಳ ರೂಪದಲ್ಲಿ ರಚನೆಯಾಗಿದೆ. ಬಯಲು ಪ್ರದೇಶದಲ್ಲಿ ಸುಮಾರು 5,000 ಜನಸಂಖ್ಯೆಗೆ ಒಂದು ಉಪಕೇಂದ್ರ, 30,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನಸಂಖ್ಯೆಗೆ ಒಂದು ಸಮುದಾಯ ಆರೋಗ್ಯ ಕೇಂದ್ರ ಎಂಬುದು ರಾಷ್ಟ್ರೀಯ ಮಾನದಂಡ. ಅವುಗಳ ಮೇಲೆ ತಾಲ್ಲೂಕು ಆಸ್ಪತ್ರೆ, ಅದರ ಮೇಲೆ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆ. ಕೆಳಗಿನ ಮೆಟ್ಟಿಲಿನಲ್ಲಿ ನೋಡಿಕೊಳ್ಳಲಾಗದ ರೋಗಿಯನ್ನು ಮೇಲಿನ ಮೆಟ್ಟಿಲಿಗೆ ಕಳುಹಿಸಿಕೊಡುವುದು ಪದ್ಧತಿ.

ಈ ಭಾಗದಲ್ಲಿ ರಾತ್ರಿ ವೇಳೆ ಆಸ್ಪತ್ರೆಗೆ ಬರುವ ಪ್ರಕರಣಗಳಿಗೆ ಇಲ್ಲಿಯ ಬದುಕಿನದೇ ಸ್ವರೂಪವಿದೆ. ರಾತ್ರಿ ಗದ್ದೆಗೆ ನೀರು ಬಿಡಲು ಹೋದವರಿಗೆ ಹಾವು ಕಡಿಯುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ರಾತ್ರಿಯಿಡೀ ರಸ್ತೆಯಲ್ಲಿದ್ದು ಅಪಘಾತಗಳು ಸಂಭವಿಸುತ್ತವೆ. ಕಬ್ಬು ಕಡಿಯಲು ಬೇರೆಡೆಯಿಂದ ಬಂದ ಕುಟುಂಬಗಳ ಗರ್ಭಿಣಿಯರು ತಾಯಿ ಕಾರ್ಡ್ ಇಲ್ಲದೆ ಹೆರಿಗೆಗೆ ಬರುತ್ತಾರೆ. 2019ರ ಆಗಸ್ಟ್‌ನಲ್ಲಿ ಆದಂತೆ ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳು ಉಕ್ಕಿ ಹರಿದಾಗ ದೂರದ ಆಸ್ಪತ್ರೆಗೆ ಹೋಗುವ ದಾರಿಯೇ ಮುಚ್ಚಿಹೋಗಬಹುದು. ಅಂತಹ ಸಮಯದಲ್ಲಿ ಹತ್ತಿರದ ಕೇಂದ್ರದಲ್ಲಿ ಪಾಳಿಯ ಮೇಲೆ ಒಬ್ಬ ತರಬೇತಾದ ಶುಶ್ರೂಷಾಧಿಕಾರಿ ಇರುವುದು ಅಥವಾ ಇಲ್ಲದಿರುವುದು ಜೀವ ಉಳಿಯುವ ಪ್ರಶ್ನೆಯಾಗುತ್ತದೆ.

3. ಪಾಳಿಯಲ್ಲಿ ಒಬ್ಬರೇ ಇದ್ದಾಗ

ಹೆರಿಗೆ ನೋವು ಚುರುಕುಗೊಂಡ ತಾಯಿಯ ಮಗುವಿನ ಹೃದಯ ಬಡಿತವನ್ನು ಪ್ರತಿ ಅರ್ಧ ಗಂಟೆಗೊಮ್ಮೆ ಪರೀಕ್ಷಿಸಿ ನಿಗದಿತ ನಕ್ಷೆಯಲ್ಲಿ ಗುರುತಿಸಬೇಕು. ಹೆರಿಗೆಯಾದ ಮೊದಲ ಗಂಟೆಯಲ್ಲಿ ಪ್ರತಿ 15 ನಿಮಿಷಕ್ಕೊಮ್ಮೆ ರಕ್ತಸ್ರಾವ, ನಾಡಿ ಮತ್ತು ರಕ್ತದೊತ್ತಡ ನೋಡಬೇಕು, ಏಕೆಂದರೆ ಹೆರಿಗೆಯ ನಂತರದ ರಕ್ತಸ್ರಾವವು ತಾಯಂದಿರ ಮರಣದ ಮುಖ್ಯ ಕಾರಣಗಳಲ್ಲೊಂದು ಮತ್ತು ಅದು ಅತ್ಯಲ್ಪ ಸಮಯದಲ್ಲಿ ಕೈಮೀರುತ್ತದೆ. ಹಾವು ಕಡಿತಕ್ಕೆ ಪ್ರತಿವಿಷ ನೀಡಲಾರಂಭಿಸಿದ ರೋಗಿಗೆ ಔಷಧದಿಂದಲೇ ತೀವ್ರ ಅಲರ್ಜಿ ಉಂಟಾಗಬಹುದಾದ್ದರಿಂದ ಅವರ ಪಕ್ಕದಿಂದ ಕದಲುವಂತಿಲ್ಲ. ರಾಜ್ಯದಲ್ಲಿ 2024ರಿಂದ ಹಾವು ಕಡಿತವು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೂ ಆಗಿದೆ.

ಈಗ ಒಂದೇ ರಾತ್ರಿ ಒಬ್ಬ ತಾಯಿ ನೋವಿನಲ್ಲಿದ್ದು, ಇನ್ನೊಬ್ಬರಿಗೆ ಆಗಷ್ಟೇ ಹೆರಿಗೆಯಾಗಿ, ಬಾಗಿಲಿನಲ್ಲಿ ಹಾವು ಕಡಿದ ರೈತರನ್ನು ಕರೆತಂದಿದ್ದಾರೆ ಎಂದು ಭಾವಿಸೋಣ. ಪಾಳಿಯಲ್ಲಿರುವವರು ಒಬ್ಬರೇ. ಅವರು ಎಷ್ಟೇ ನಿಪುಣರಾಗಿದ್ದರೂ ಮೂರು ಕಡೆ ಏಕಕಾಲದಲ್ಲಿ ಇರಲಾರರು. ಇಲ್ಲಿ ಯಾವುದೋ ಒಂದು ಪರೀಕ್ಷೆ ತಪ್ಪಿಹೋಗುವುದು ಅವರ ನಿರ್ಲಕ್ಷ್ಯದಿಂದ ಅಲ್ಲ, ಎಣಿಕೆಯಿಂದ. ಆಸ್ಪತ್ರೆಗಳಲ್ಲಿ ನಡೆಯುವ ಅನೇಕ ಅನಾಹುತಗಳ ಮೂಲ ಇಂತಹ ತಪ್ಪಿಹೋದ ಶುಶ್ರೂಷೆಯಲ್ಲಿದೆ. ಅನಾಹುತವಾದ ನಂತರ ವಿಚಾರಣೆ ನಡೆಯುವುದು ಪಾಳಿಯಲ್ಲಿದ್ದ ವ್ಯಕ್ತಿಯ ಮೇಲೆ. ಪಾಳಿಗೆ ಒಬ್ಬರನ್ನೇ ಹಾಕಿದ ನಿರ್ಧಾರದ ಮೇಲೆ ಅಲ್ಲ.

4. ಒಂದು ಸ್ಥಾನಕ್ಕೆ ಎಷ್ಟು ಜನ ಬೇಕು?

ಸಾರ್ವಜನಿಕರಿಗೆ ಅಷ್ಟಾಗಿ ತಿಳಿಯದ ಒಂದು ಸರಳ ಲೆಕ್ಕವನ್ನು ಇಲ್ಲಿ ನೀಡಲಾಗಿದೆ. ಯಾವುದೇ ಆಸ್ಪತ್ರೆಯಲ್ಲಿ ಹಗಲು-ರಾತ್ರಿ ಒಬ್ಬ ಶುಶ್ರೂಷಾಧಿಕಾರಿ ಇರಬೇಕೆಂದರೆ ದಿನಕ್ಕೆ ಮೂರು ಪಾಳಿಗಳಂತೆ ವರ್ಷಕ್ಕೆ 1,095 ಪಾಳಿಗಳನ್ನು ತುಂಬಬೇಕು. ಒಬ್ಬ ವ್ಯಕ್ತಿ ವರ್ಷಕ್ಕೆ ಎಷ್ಟು ಪಾಳಿ ಮಾಡಬಲ್ಲರು? 365 ದಿನಗಳಲ್ಲಿ 52 ವಾರದ ರಜೆ, 30 ಗಳಿಕೆ ರಜೆ, ಸಾಂದರ್ಭಿಕ ರಜೆ, ಹಬ್ಬದ ರಜೆ, ತರಬೇತಿ ಮುಂತಾದವುಗಳಿಗೆ ಸುಮಾರು 23 ದಿನ ಎಂದು ಕಳೆದರೆ ಉಳಿಯುವುದು 260. ಅಂದರೆ ಒಂದು ಸ್ಥಾನವನ್ನು ಸದಾ ತುಂಬಿಡಲು 4.2 ಜನ, ಎಂದರೆ ನಾಲ್ವರಿಗಿಂತ ಹೆಚ್ಚು ಬೇಕು.

ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳನ್ನು 2007ರಲ್ಲಿ ಮೊದಲು ಪ್ರಕಟಿಸಿ, 2012 ಮತ್ತು 2022ರಲ್ಲಿ ಪರಿಷ್ಕರಿಸಲಾಯಿತು. 2012ರ ಪರಿಷ್ಕರಣೆಯನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ತಿಂಗಳಿಗೆ 20ಕ್ಕಿಂತ ಕಡಿಮೆ ಹೆರಿಗೆಗಳಾಗುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೂವರು, ಅದಕ್ಕಿಂತ ಹೆಚ್ಚು ಹೆರಿಗೆಗಳಾಗುವ ಕೇಂದ್ರಕ್ಕೆ ನಾಲ್ವರು ಶುಶ್ರೂಷಾ ಸಿಬ್ಬಂದಿ ಅಗತ್ಯವೆಂದೂ, ಎರಡೂ ಬಗೆಯ ಕೇಂದ್ರಗಳಿಗೆ ತಲಾ ಒಬ್ಬರು ಹೆಚ್ಚುವರಿಯಾಗಿ ಇರುವುದು ಅಪೇಕ್ಷಣೀಯವೆಂದೂ ಅದರಲ್ಲಿ ಹೇಳಲಾಗಿತ್ತು. ಮೇಲಿನ ಲೆಕ್ಕವನ್ನು ಇದಕ್ಕೆ ಅನ್ವಯಿಸಿದರೆ ಕೆಳಕಂಡ ಚಿತ್ರ ದೊರೆಯುತ್ತದೆ:

• ಮೂವರು ಇದ್ದರೆ: 780 ಪಾಳಿ. ವರ್ಷಕ್ಕೆ 315 ಪಾಳಿ, ಅಂದರೆ ವಾರಕ್ಕೆ ಸುಮಾರು ಆರು ಪಾಳಿ ಖಾಲಿ.
• ನಾಲ್ವರು ಇದ್ದರೆ: 1,040 ಪಾಳಿ. ವರ್ಷಕ್ಕೆ 55 ಪಾಳಿ ಕೊರತೆ.
• ಐವರು ಇದ್ದರೆ: 1,300 ಪಾಳಿ. ಒಬ್ಬರು ಸದಾ ಲಭ್ಯ. ತುರ್ತು ರಜೆಗೂ ಅವಕಾಶ.

ಮಂಜೂರಾದ ಮೂರೂ ಹುದ್ದೆಗಳು ಭರ್ತಿಯಾಗಿದ್ದರೂ, ಯಾರೂ ತಪ್ಪೆಸಗದಿದ್ದರೂ, ಕೇಂದ್ರದಲ್ಲಿ ವಾರಕ್ಕೆ ಆರು ಪಾಳಿ ಖಾಲಿ ಉಳಿಯುತ್ತವೆ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಮೂವರಲ್ಲಿ ಒಬ್ಬರು 180 ದಿನಗಳ ಹೆರಿಗೆ ರಜೆಯ ಮೇಲೆ ತೆರಳಿದರೆ ಅಥವಾ ಬೇರೆ ಆಸ್ಪತ್ರೆಗೆ ನಿಯೋಜನೆಗೊಂಡರೆ ಕೊರತೆ ಇನ್ನೂ ಹೆಚ್ಚುತ್ತದೆ. ಈ ಖಾಲಿ ಪಾಳಿಗಳು ತುಂಬಿಕೊಳ್ಳುವುದು ಸತತ ಎರಡು ಪಾಳಿ ದುಡಿಯುವವರಿಂದ, ವಾರದ ರಜೆ ಬಿಟ್ಟುಕೊಡುವವರಿಂದ, ಇಲ್ಲವೇ ಕ್ಷೇತ್ರ ಕಾರ್ಯ ಬಿಟ್ಟು ಬರುವ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳಿಂದ. ಕೊನೆಯ ಸಂದರ್ಭದಲ್ಲಿ ಆ ದಿನದ ಲಸಿಕೆ, ಗರ್ಭಿಣಿಯರ ತಪಾಸಣೆ ಹಿಂದೆ ಬೀಳುತ್ತವೆ. ಉಳಿತಾಯವೆಂದು ಕಂಡದ್ದು ಬೇರೊಂದು ಸೇವೆಯಿಂದ ಕಿತ್ತುಕೊಂಡದ್ದಾಗಿರುತ್ತದೆ.

5. ಅನುಪಾತದ ಅಂಕಿಗಳನ್ನು ಹೇಗೆ ಓದಬೇಕು?

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಗಳ ಸಾಮಾನ್ಯ ವಾರ್ಡಿನಲ್ಲಿ ಮೂರು ರೋಗಿಗಳಿಗೆ ಒಬ್ಬರು, ಇತರ ಸಾಮಾನ್ಯ ಆಸ್ಪತ್ರೆಗಳಲ್ಲಿ ಐದು ರೋಗಿಗಳಿಗೆ ಒಬ್ಬರು, ತೀವ್ರ ನಿಗಾ ಘಟಕದಲ್ಲಿ ಒಬ್ಬ ರೋಗಿಗೆ ಒಬ್ಬರು ಶುಶ್ರೂಷಾ ಸಿಬ್ಬಂದಿ ಇರಬೇಕು. ಇದಲ್ಲದೆ ರಜೆಯ ಮೀಸಲಾಗಿ ಶೇಕಡಾ 30ರಷ್ಟು ಹುದ್ದೆಗಳು ಇರಬೇಕು.

ಈ ಅಂಕಿಗಳು ಸ್ಪಷ್ಟವಾಗಿ ಕಂಡರೂ ಒಂದು ಪ್ರಶ್ನೆ ಉಳಿಯುತ್ತದೆ. ಐವರಿಗೆ ಒಬ್ಬರು ಎಂದರೆ ಒಟ್ಟು ಹುದ್ದೆಗಳ ಲೆಕ್ಕವೋ, ಪ್ರತಿ ಪಾಳಿಯ ಲೆಕ್ಕವೋ? 30 ಹಾಸಿಗೆಗಳ ಆಸ್ಪತ್ರೆಯನ್ನು ತೆಗೆದುಕೊಂಡರೆ, ಒಟ್ಟು ಹುದ್ದೆಗಳೆಂದು ಓದಿದಾಗ ಆರು ಹುದ್ದೆ ಮತ್ತು ರಜೆ ಮೀಸಲು ಸೇರಿ ಎಂಟು ಜನ ಸಾಕು. ಪ್ರತಿ ಪಾಳಿಯಲ್ಲಿ ಆರು ಜನ ಇರಬೇಕೆಂದು ಓದಿದಾಗ ಸುಮಾರು 25 ಜನ ಬೇಕು. ಒಂದೇ ವಾಕ್ಯ, ಮೂರು ಪಟ್ಟು ವ್ಯತ್ಯಾಸ. ವೆಚ್ಚ ನೋಡುವವರು ಮೊದಲ ಅರ್ಥವನ್ನು, ವಾರ್ಡಿನಲ್ಲಿ ಕೆಲಸ ಮಾಡುವವರು ಎರಡನೆಯ ಅರ್ಥವನ್ನು ಹಿಡಿದು ಮಾತನಾಡುವುದರಿಂದ ಚರ್ಚೆ ಮುಂದೆ ಸಾಗುವುದಿಲ್ಲ.

2012ರ ಮಾನದಂಡದಲ್ಲಿ 30 ಹಾಸಿಗೆಗಳ ಸಮುದಾಯ ಆರೋಗ್ಯ ಕೇಂದ್ರಕ್ಕೆ ಹತ್ತು ಶುಶ್ರೂಷಾ ಹುದ್ದೆಗಳನ್ನು ಸೂಚಿಸಲಾಗಿತ್ತು. ಹತ್ತು ಜನರಿಂದ ಯಾವುದೇ ಒಂದು ಕ್ಷಣದಲ್ಲಿ ಸರಾಸರಿ 2.4 ಜನ ಕರ್ತವ್ಯದಲ್ಲಿರಬಲ್ಲರು. ಒಬ್ಬರು ಹೆರಿಗೆ ಕೋಣೆಯಲ್ಲಿದ್ದರೆ ವಾರ್ಡಿಗೆ ಉಳಿಯುವುದು 1.4. ಅರ್ಧದಷ್ಟು ಹಾಸಿಗೆಗಳು ತುಂಬಿದ್ದರೂ ಒಬ್ಬರ ಪಾಲಿಗೆ ಹನ್ನೊಂದು ರೋಗಿಗಳು. ಎಲ್ಲ ಹಾಸಿಗೆಗಳು ತುಂಬಿದ್ದರೆ ಇಪ್ಪತ್ತಕ್ಕಿಂತ ಹೆಚ್ಚು. ಮಂಜೂರಾದ ಹುದ್ದೆಗಳ ಪಟ್ಟಿಯು ಈ ಸಂಗತಿಯನ್ನು ತೋರಿಸುವುದಿಲ್ಲ. ಪಾಳಿ ಪಟ್ಟಿ ತೋರಿಸುತ್ತದೆ.

6. ಸಿಬ್ಬಂದಿ ಸಂಖ್ಯೆ ಮತ್ತು ಸುರಕ್ಷತೆಯ ಸಂಬಂಧ

ಹೆಚ್ಚು ಸಿಬ್ಬಂದಿ ಇದ್ದರೆ ಒಳ್ಳೆಯದು ಎಂಬುದು ಕೇವಲ ಅನಿಸಿಕೆಯಲ್ಲ. ಲಿಂಡಾ ಐಕೆನ್ ಮತ್ತು ಸಂಗಡಿಗರು ಯೂರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ನಾಲ್ಕು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಬ್ಬ ಶುಶ್ರೂಷಕರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ದಾಖಲಾದ 30 ದಿನಗಳೊಳಗೆ ರೋಗಿ ಮರಣಿಸುವ ಸಂಭವ ಶೇಕಡಾ 7ರಷ್ಟು ಹೆಚ್ಚುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಅವರೇ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಇದೇ ಪ್ರಮಾಣ ಕಂಡುಬಂದಿತ್ತು.

ಇಂಗ್ಲೆಂಡಿನ ಮಿಡ್ ಸ್ಟ್ಯಾಫರ್ಡ್‌ಶೈರ್ ಆಸ್ಪತ್ರೆ ಸಂಸ್ಥೆಯ ಪ್ರಕರಣ ಇದರ ಇನ್ನೊಂದು ಮುಖ. 2005ರಿಂದ 2009ರ ಅವಧಿಯಲ್ಲಿ ಅಲ್ಲಿ ಹಣಕಾಸಿನ ಗುರಿಗಳನ್ನು ತಲುಪುವ ಭರದಲ್ಲಿ ಸಿಬ್ಬಂದಿಯನ್ನು ಕಡಿತಗೊಳಿಸಲಾಯಿತು. ರಾಬರ್ಟ್ ಫ್ರಾನ್ಸಿಸ್ ಅವರ ಸಾರ್ವಜನಿಕ ವಿಚಾರಣಾ ವರದಿಯು 2013ರಲ್ಲಿ ಪ್ರಕಟವಾದಾಗ, ರೋಗಿಗಳು ನೀರು ಮತ್ತು ಶುಚಿತ್ವದಂತಹ ಮೂಲಭೂತ ಆರೈಕೆಯಿಂದಲೂ ವಂಚಿತರಾಗಿದ್ದ ಸಂಗತಿ ಜಗತ್ತಿಗೆ ತಿಳಿಯಿತು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1999ರಲ್ಲಿ ಕಾನೂನು ರಚಿಸಿ 2004ರಿಂದ ಪ್ರತಿ ಪಾಳಿಗೂ ಅನ್ವಯಿಸುವ ಕನಿಷ್ಠ ಅನುಪಾತವನ್ನು ಜಾರಿಗೆ ತಂದಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯವು 2016ರಲ್ಲಿ 27 ಸಾರ್ವಜನಿಕ ಆಸ್ಪತ್ರೆಗಳಲ್ಲಿ ಹಗಲು ನಾಲ್ಕು ರೋಗಿಗಳಿಗೆ ಒಬ್ಬರು, ರಾತ್ರಿ ಏಳು ರೋಗಿಗಳಿಗೆ ಒಬ್ಬರು ಎಂಬ ನಿಯಮ ತಂದಿತು. 2021ರಲ್ಲಿ ಪ್ರಕಟವಾದ ಇದರ ಮೌಲ್ಯಮಾಪನದಂತೆ, ಹೆಚ್ಚುವರಿ ಸಿಬ್ಬಂದಿಗೆ ತಗುಲಿದ ವೆಚ್ಚಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಹಣ ಉಳಿತಾಯವಾಯಿತು. ರೋಗಿಗಳು ಬೇಗ ಗುಣಮುಖರಾಗಿ ಮನೆಗೆ ತೆರಳಿದ್ದು ಮತ್ತು ಮರುದಾಖಲಾತಿ ಕಡಿಮೆಯಾದದ್ದು ಇದಕ್ಕೆ ಕಾರಣ.

ಈ ದೇಶಗಳ ಅಂಕಿಗಳನ್ನು ಹಾಗೆಯೇ ಬಾಗಲಕೋಟೆ ಜಿಲ್ಲೆಗೆ ಅನ್ವಯಿಸಲಾಗದು. ಅಲ್ಲಿಯ ವೇತನ, ರೋಗಗಳ ಸ್ವರೂಪ ಮತ್ತು ಆಸ್ಪತ್ರೆಗಳ ಗಾತ್ರ ಬೇರೆ. ಆದರೂ ಎರಡು ಪಾಠಗಳು ಇಲ್ಲಿಗೂ ಸಲ್ಲುತ್ತವೆ. ಒಂದು, ಅನುಪಾತವನ್ನು ಪಾಳಿಯ ಲೆಕ್ಕದಲ್ಲಿ ಬರೆಯಬೇಕು. ಎರಡು, ಸಿಬ್ಬಂದಿಯ ವೆಚ್ಚವನ್ನು ಅದರಿಂದ ತಪ್ಪುವ ನಷ್ಟದ ಜೊತೆಗಿಟ್ಟು ನೋಡಬೇಕು.

7. ವೆಚ್ಚದ ಪ್ರಶ್ನೆ

ಸರ್ಕಾರದ ಆರ್ಥಿಕ ಮಿತಿಯನ್ನು ಅಲ್ಲಗಳೆಯುವಂತಿಲ್ಲ. ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 17,000 ರೂಪಾಯಿಗಳಿಂದ 27,000 ರೂಪಾಯಿಗಳಿಗೆ ಏರಿದೆ. ಒಂದು ಖಾಯಂ ಹುದ್ದೆ ಸೃಷ್ಟಿಯಾದರೆ ಅದರ ವೇತನ, ಭತ್ಯೆ, ನಿವೃತ್ತಿ ಸೌಲಭ್ಯಗಳು ಮೂರು ದಶಕಗಳ ಹೊಣೆಯಾಗುತ್ತವೆ. ಅದೇ ಹಣದಲ್ಲಿ ಔಷಧ, ರಕ್ತನಿಧಿ, ಆಂಬ್ಯುಲೆನ್ಸ್ ವ್ಯವಸ್ಥೆಗಳಿಗೂ ಬೇಡಿಕೆ ಇರುತ್ತದೆ. ರಾಷ್ಟ್ರೀಯ ಆರೋಗ್ಯ ನೀತಿ 2017ರಲ್ಲಿ ಸಾರ್ವಜನಿಕ ಆರೋಗ್ಯ ವೆಚ್ಚವನ್ನು 2025ರ ವೇಳೆಗೆ ದೇಶದ ಒಟ್ಟು ಆಂತರಿಕ ಉತ್ಪನ್ನದ ಶೇಕಡಾ 2.5ಕ್ಕೆ ಏರಿಸುವ ಗುರಿ ಹೊಂದಲಾಗಿತ್ತು ಎಂಬುದೇ, ಇದ್ದ ಹಣ ಸಾಲದೆಂಬುದಕ್ಕೆ ಸಾಕ್ಷಿ.

ಆದರೆ ಖಾಲಿ ಹುದ್ದೆಯಿಂದ ಉಳಿದ ಹಣ ನಿಜವಾಗಿ ಉಳಿದಿರುವುದಿಲ್ಲ. ಹತ್ತಿರದ ಕೇಂದ್ರದಲ್ಲಿ ರಾತ್ರಿ ಪಾಳಿ ಖಾಲಿ ಇದ್ದಾಗ ಹೆರಿಗೆಗೆ ಬಂದ ಕುಟುಂಬ ಮುಧೋಳಕ್ಕೋ ಜಮಖಂಡಿಗೋ ಬಾಗಲಕೋಟೆಗೋ ಹೋಗಬೇಕು. ವಾಹನದ ಬಾಡಿಗೆ, ಜೊತೆಗೆ ಹೋದವರ ಊಟ, ಕಳೆದುಹೋದ ದಿನಗೂಲಿ, ಖಾಸಗಿ ಆಸ್ಪತ್ರೆಯಾದರೆ ಅದರ ಬಿಲ್ಲು ಇವೆಲ್ಲ ಆ ಕುಟುಂಬದ ಮೇಲೆ ಬೀಳುತ್ತವೆ. ರಾಷ್ಟ್ರೀಯ ಆರೋಗ್ಯ ಲೆಕ್ಕಗಳ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ತಮ್ಮ ಕೈಯಿಂದ ಭರಿಸುವ ಪಾಲು 2013–14ರಲ್ಲಿ ಶೇಕಡಾ 64.2 ಇದ್ದದ್ದು 2021–22ರಲ್ಲಿ ಶೇಕಡಾ 39.4ಕ್ಕೆ ಇಳಿದಿದೆ. ಇದು ಗಣನೀಯ ಸಾಧನೆ. ಆದರೂ ಪ್ರತಿ ನೂರು ರೂಪಾಯಿಗಳಲ್ಲಿ ಸುಮಾರು ನಲವತ್ತು ರೂಪಾಯಿ ಇನ್ನೂ ಮನೆಯಿಂದಲೇ ಹೋಗುತ್ತಿದೆ. ಖಾಲಿ ಪಾಳಿಯು ವೆಚ್ಚವನ್ನು ಇಲ್ಲವಾಗಿಸುವುದಿಲ್ಲ. ಬೊಕ್ಕಸದಿಂದ ಬಡವರ ಜೇಬಿಗೆ ವರ್ಗಾಯಿಸುತ್ತದೆ.

ಕರ್ನಾಟಕದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ ತಾಯಂದಿರ ಮರಣ ಪ್ರಮಾಣ 2004–06ರಲ್ಲಿ 213 ಇದ್ದದ್ದು 2018–20ರಲ್ಲಿ 69ಕ್ಕೆ ಇಳಿದಿದೆ. ಮನೆಯ ಹೆರಿಗೆ ಆಸ್ಪತ್ರೆಗೆ ಬಂದದ್ದು, 2008ರ ನವೆಂಬರ್‌ನಲ್ಲಿ 108 ಆಂಬ್ಯುಲೆನ್ಸ್ ಸೇವೆ ಆರಂಭವಾದದ್ದು, 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ ಉಚಿತವಾದದ್ದು ಇದಕ್ಕೆ ನೆರವಾಗಿವೆ. ಮುಂದಿನ ಇಳಿಕೆ ಆಸ್ಪತ್ರೆಯೊಳಗಿನ ಆರೈಕೆಯ ಗುಣಮಟ್ಟವನ್ನು ಅವಲಂಬಿಸಿದೆ. ತಾಯಿ ಆಸ್ಪತ್ರೆಯ ಬಾಗಿಲಿಗೆ ಬಂದಾಗಿದೆ. ಒಳಗೆ ಅವರನ್ನು ನೋಡಿಕೊಳ್ಳುವವರು ಎಷ್ಟು ಜನ ಎಂಬುದು ಈಗಿನ ಪ್ರಶ್ನೆ.

8. ಗುತ್ತಿಗೆ ನೇಮಕಾತಿ: ಉಳಿತಾಯ ಮತ್ತು ಅದರ ಮಿತಿ

ವೆಚ್ಚ ಮತ್ತು ಸಂಖ್ಯೆ ಎರಡನ್ನೂ ಸರಿದೂಗಿಸಲು ಕಂಡುಕೊಂಡ ಮಾರ್ಗ ಗುತ್ತಿಗೆ ನೇಮಕಾತಿ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಕೇಂದ್ರ ಶೇಕಡಾ 60, ರಾಜ್ಯ ಶೇಕಡಾ 40 ಅನುದಾನ ಭರಿಸುತ್ತವೆ. ಈ ಮಾರ್ಗದಿಂದ ಅನೇಕ ಕೇಂದ್ರಗಳಲ್ಲಿ ಪಾಳಿಗಳು ತುಂಬಿವೆ ಎಂಬುದು ಸತ್ಯ. ಆದರೆ ಒಂದೇ ವಾರ್ಡಿನಲ್ಲಿ ಒಂದೇ ಕೆಲಸ ಮಾಡುವ ಇಬ್ಬರ ನಡುವೆ ವೇತನದಲ್ಲಿ ದೊಡ್ಡ ಅಂತರ ಉಂಟಾಗಿದೆ. ಅನುಭವ ಗಳಿಸಿದವರು ನಗರದ ಖಾಸಗಿ ಆಸ್ಪತ್ರೆಗೋ ವಿದೇಶಕ್ಕೋ ತೆರಳಿದಾಗ ಹೊಸಬರಿಗೆ ಮೊದಲಿನಿಂದ ಕಲಿಸಬೇಕಾಗುತ್ತದೆ. ಶುಶ್ರೂಷಾ ಶಿಕ್ಷಣ ಸಂಸ್ಥೆಗಳ ಸಂಖ್ಯೆಯಲ್ಲಿ ದೇಶದ ಮುಂಚೂಣಿಯ ರಾಜ್ಯಗಳಲ್ಲೊಂದಾದ ಕರ್ನಾಟಕದ ಗ್ರಾಮೀಣ ಕೇಂದ್ರಗಳಲ್ಲಿ ಪಾಳಿ ಖಾಲಿ ಉಳಿಯುವುದಕ್ಕೆ ಕಲಿತವರ ಕೊರತೆಗಿಂತ, ಕಲಿತವರು ನಿಲ್ಲದಿರುವುದೇ ಕಾರಣ.

ನ್ಯಾಯಾಲಯದ ತೀರ್ಪುಗಳೂ ಈ ವಿಷಯವನ್ನು ರೂಪಿಸಿವೆ. ಕರ್ನಾಟಕ ರಾಜ್ಯವೇ ಪಕ್ಷಗಾರನಾಗಿದ್ದ ಉಮಾದೇವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರ ಏಪ್ರಿಲ್ 10ರಂದು, ನಿಯಮಾನುಸಾರ ನೇಮಕಗೊಳ್ಳದ ತಾತ್ಕಾಲಿಕ ನೌಕರರಿಗೆ ಖಾಯಮಾತಿ ಹಕ್ಕಲ್ಲ ಎಂದು ತಿಳಿಸಿತು. 2016ರ ಅಕ್ಟೋಬರ್‌ನಲ್ಲಿ ಜಗಜೀತ್ ಸಿಂಗ್ ಪ್ರಕರಣದಲ್ಲಿ ಸಮಾನ ಕೆಲಸಕ್ಕೆ ಸಮಾನ ವೇತನದ ತತ್ವ ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತದೆ ಎಂದಿತು. 2024ರ ಡಿಸೆಂಬರ್‌ನ ಜಗ್ಗೋ ಪ್ರಕರಣದಲ್ಲಿ, ದೀರ್ಘಕಾಲ ಅಗತ್ಯ ಕೆಲಸ ಮಾಡಿದವರ ನ್ಯಾಯಯುತ ಬೇಡಿಕೆಯನ್ನು ನಿರಾಕರಿಸಲು ಉಮಾದೇವಿ ತೀರ್ಪನ್ನು ಆಯುಧವಾಗಿ ಬಳಸಬಾರದು ಎಂದು ಎಚ್ಚರಿಸಿತು. ಈ ನಡುವೆ 2023ರ ಆರಂಭದಲ್ಲಿ ರಾಜ್ಯದ ಗುತ್ತಿಗೆ ಆರೋಗ್ಯ ನೌಕರರು ಸೇವೆ ಖಾಯಂಗೊಳಿಸುವಂತೆ ಒತ್ತಾಯಿಸಿ ಮುಷ್ಕರ ಹೂಡಿದ್ದರು. ಅಗ್ಗದ ನೇಮಕಾತಿಯ ಬೆಲೆಯನ್ನು ಇಂತಹ ದಿನಗಳಲ್ಲಿ ರೋಗಿಗಳೇ ತೆರಬೇಕಾಗುತ್ತದೆ.

9. ಪರಿಶೀಲಿಸಬಹುದಾದ ಮಾರ್ಗಗಳು

ಅ) ಶುಶ್ರೂಷೆಯಲ್ಲದ ಕೆಲಸಗಳಿಂದ ಬಿಡುಗಡೆ: ಶುಶ್ರೂಷಾಧಿಕಾರಿಗಳ ಸಮಯದ ಒಂದು ಭಾಗ ವಹಿ ಬರೆಯುವುದು, ಗಣಕಯಂತ್ರದಲ್ಲಿ ಮಾಹಿತಿ ತುಂಬುವುದು, ಔಷಧ ದಾಸ್ತಾನು ನೋಡಿಕೊಳ್ಳುವುದರಲ್ಲಿ ಕಳೆಯುತ್ತದೆ. ಈ ಕೆಲಸಗಳನ್ನು ಡೇಟಾ ಎಂಟ್ರಿ ಸಿಬ್ಬಂದಿ, ಔಷಧ ವಿತರಕರು ಮತ್ತು ಗ್ರೂಪ್ ಡಿ ನೌಕರರಿಗೆ ವಹಿಸಿದರೆ ಕಡಿಮೆ ವೆಚ್ಚದಲ್ಲಿ ಶುಶ್ರೂಷೆಯ ಗಂಟೆಗಳು ಹೆಚ್ಚುತ್ತವೆ. ಎಲ್ಲಕ್ಕಿಂತ ಮೊದಲು ಕೈಗೊಳ್ಳಬಹುದಾದ ಕ್ರಮ ಇದು.

ಆ) ಹೆರಿಗೆಗಳನ್ನು ಕೆಲವೇ ಆಸ್ಪತ್ರೆಗಳಲ್ಲಿ ಕೇಂದ್ರೀಕರಿಸುವುದು: ತಿಂಗಳಿಗೆ ಬೆರಳೆಣಿಕೆಯ ಹೆರಿಗೆಗಳಾಗುವ ಕೇಂದ್ರಗಳ ಸಿಬ್ಬಂದಿಯನ್ನು ತಾಲ್ಲೂಕು ಆಸ್ಪತ್ರೆಗೆ ತಂದರೆ ಅಲ್ಲಿ ಪ್ರತಿ ಪಾಳಿಯಲ್ಲಿ ಸಾಕಷ್ಟು ಜನ ಇರುತ್ತಾರೆ, ಶಸ್ತ್ರಚಿಕಿತ್ಸೆ ಮತ್ತು ರಕ್ತದ ಸೌಲಭ್ಯವೂ ಹತ್ತಿರವಿರುತ್ತದೆ. ವೈದ್ಯಕೀಯವಾಗಿ ಇದು ಬಲವಾದ ವಾದ. ಆದರೆ ನದಿ ಉಕ್ಕಿದ ರಾತ್ರಿ ಅಥವಾ ಆಂಬ್ಯುಲೆನ್ಸ್ ಬೇರೆಡೆ ಹೋಗಿರುವಾಗ ದಡದ ಹಳ್ಳಿಯ ತಾಯಿಗೆ ಇದರಿಂದ ಪ್ರಯೋಜನವಿಲ್ಲ. ಆದ್ದರಿಂದ ಭೂಗೋಳ ನೋಡದೆ ಹೆರಿಗೆಗಳ ಸಂಖ್ಯೆಯನ್ನಷ್ಟೇ ನೋಡಿ ಕೇಂದ್ರಗಳ ರಾತ್ರಿ ಸೇವೆ ನಿಲ್ಲಿಸುವುದು ಸೂಕ್ತವಲ್ಲ. ಮಳೆಗಾಲದ ತಿಂಗಳುಗಳಲ್ಲಿ ನದಿ ದಡದ ಕೇಂದ್ರಗಳಿಗೆ, ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆ ಮಾರ್ಗದ ಕೇಂದ್ರಗಳಿಗೆ ತಾತ್ಕಾಲಿಕವಾಗಿ ಹೆಚ್ಚುವರಿ ಸಿಬ್ಬಂದಿ ಒದಗಿಸುವುದು ನಡುವಿನ ದಾರಿ.

ಇ) ತಾಲ್ಲೂಕು ಮಟ್ಟದ ರಜೆ ಮೀಸಲು: ಪ್ರತಿ ಕೇಂದ್ರಕ್ಕೂ ಐದನೆಯವರನ್ನು ನೇಮಿಸುವ ಬದಲು, ನಾಲ್ಕೈದು ಕೇಂದ್ರಗಳ ಖಾಲಿ ಪಾಳಿಗಳನ್ನು ತುಂಬಲು ತಾಲ್ಲೂಕು ಮಟ್ಟದಲ್ಲಿ ಕೆಲವರನ್ನು ಇರಿಸಿಕೊಳ್ಳಬಹುದು. ನಾಲ್ವರಿರುವ ಐದು ಕೇಂದ್ರಗಳ ಒಟ್ಟು ವಾರ್ಷಿಕ ಕೊರತೆ 275 ಪಾಳಿ. ಇದನ್ನು ಐವರಲ್ಲ, ಇಬ್ಬರು ನಿಭಾಯಿಸಬಲ್ಲರು. ಸುರಕ್ಷತೆಯನ್ನೂ ವೆಚ್ಚವನ್ನೂ ಒಟ್ಟಿಗೆ ಉಳಿಸುವ ಮಾರ್ಗ ಇದು.

ಈ) ಅನುಭವಿಗಳನ್ನು ಉಳಿಸಿಕೊಳ್ಳುವುದು: ವಸತಿಗೃಹ, ರಾತ್ರಿ ಪಾಳಿಯಲ್ಲಿ ಭದ್ರತೆ ಮತ್ತು ಕೌನ್ಸೆಲಿಂಗ್ ಮೂಲಕ ಪಾರದರ್ಶಕ ವರ್ಗಾವಣೆ ಇವು ಹೊಸ ನೇಮಕಾತಿಗಿಂತ ಕಡಿಮೆ ವೆಚ್ಚದವು. ವರ್ಗಾವಣೆಗೆ ಸಂಬಂಧಿಸಿದಂತೆ 2011ರ ರಾಜ್ಯ ಅಧಿನಿಯಮವು ಚೌಕಟ್ಟನ್ನು ಒದಗಿಸಿದೆ.

10. ಖಾಸಗಿ ಆಸ್ಪತ್ರೆಗಳು

ಮುಧೋಳ, ಜಮಖಂಡಿ, ಬಾಗಲಕೋಟೆಗಳ ಖಾಸಗಿ ಆಸ್ಪತ್ರೆಗಳನ್ನು ಅವಲಂಬಿಸುವ ನಾಗರಿಕರೂ ಈ ವಿಷಯವನ್ನು ಗಮನಿಸಬೇಕು. ಸರ್ವೋಚ್ಚ ನ್ಯಾಯಾಲಯದ 2016ರ ಜನವರಿಯ ನಿರ್ದೇಶನದಂತೆ ರಚನೆಯಾದ ಕೇಂದ್ರ ಸಮಿತಿಯು, 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲಿ ಶುಶ್ರೂಷಕರಿಗೆ ಸರ್ಕಾರಿ ವೇತನಕ್ಕೆ ಸಮನಾದ ವೇತನ, 50ಕ್ಕಿಂತ ಕಡಿಮೆ ಹಾಸಿಗೆಗಳ ಆಸ್ಪತ್ರೆಗಳಲ್ಲಿ ತಿಂಗಳಿಗೆ ಕನಿಷ್ಠ 20,000 ರೂಪಾಯಿ ನೀಡಬೇಕೆಂದು ಶಿಫಾರಸು ಮಾಡಿತು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007 ಮತ್ತು ಅದರ 2017ರ ತಿದ್ದುಪಡಿಯಂತೆ ಖಾಸಗಿ ಸಂಸ್ಥೆಗಳು ನೋಂದಣಿ ಹೊಂದಿರಬೇಕು ಮತ್ತು ರೋಗಿಗಳ ಸನ್ನದನ್ನು ಪಾಲಿಸಬೇಕು. ದೂರುಗಳನ್ನು ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ಸಲ್ಲಿಸಬಹುದು.

11. ನಾಗರಿಕರು ಕೈಗೊಳ್ಳಬಹುದಾದ ಕ್ರಮಗಳು

1) ಯಾವುದೇ ಸರ್ಕಾರಿ ಆಸ್ಪತ್ರೆಯ ಮಂಜೂರಾದ, ಭರ್ತಿಯಾದ ಹಾಗೂ ಖಾಲಿ ಇರುವ ಶುಶ್ರೂಷಾ ಹುದ್ದೆಗಳ ಸಂಖ್ಯೆಯನ್ನು ಮತ್ತು ಕಳೆದ ತಿಂಗಳ ಪ್ರತಿ ಪಾಳಿಯಲ್ಲಿ ಕರ್ತವ್ಯದಲ್ಲಿದ್ದವರ ಸಂಖ್ಯೆಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೋರಬಹುದು. ಅರ್ಜಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ರಾಜ್ಯದ ನಿಯಮದಂತೆ ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳ ಒಳಗಿರಬೇಕು. ಸಿಬ್ಬಂದಿಯ ಹೆಸರು ಕೇಳುವ ಅಗತ್ಯವಿಲ್ಲ, ಸಂಖ್ಯೆ ಸಾಕು.

2) 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ, ನಂತರ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಬಹುದು. ಅರ್ಜಿಯು ಬೇರೆ ಕಚೇರಿಗೆ ಸಂಬಂಧಿಸಿದ್ದರೆ ಅದನ್ನು ಐದು ದಿನಗಳಲ್ಲಿ ವರ್ಗಾಯಿಸುವುದು ಸ್ವೀಕರಿಸಿದ ಕಚೇರಿಯ ಕರ್ತವ್ಯ.

3) ಪಡೆದ ಮಾಹಿತಿಯನ್ನು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದೆ, ಗ್ರಾಮ ಸಭೆಯಲ್ಲಿ, ತಾಲ್ಲೂಕು ಆರೋಗ್ಯಾಧಿಕಾರಿ ಅಥವಾ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಮುಂದೆ ಲಿಖಿತವಾಗಿ ಇಡಬಹುದು. "ನರ್ಸ್ ಇಲ್ಲ" ಎಂಬ ದೂರಿಗಿಂತ "ಕಳೆದ ತಿಂಗಳು 30 ರಾತ್ರಿ ಪಾಳಿಗಳಲ್ಲಿ ಇಂತಿಷ್ಟು ಖಾಲಿ ಇದ್ದವು" ಎಂಬ ಮನವಿ ಹೆಚ್ಚು ಪರಿಣಾಮಕಾರಿ.

4) ಗರ್ಭಿಣಿಯರ ಕುಟುಂಬದವರು ದಿನ ತುಂಬುವ ಮೊದಲೇ ಹತ್ತಿರದ ಕೇಂದ್ರದಲ್ಲಿ ರಾತ್ರಿ ಸೇವೆ ಇದೆಯೇ, ಇಲ್ಲದಿದ್ದರೆ ಎಲ್ಲಿಗೆ ಹೋಗಬೇಕು ಎಂಬುದನ್ನು ಆಶಾ ಕಾರ್ಯಕರ್ತೆಯರಿಂದ ತಿಳಿದಿಟ್ಟುಕೊಳ್ಳತಕ್ಕದ್ದು. ತುರ್ತು ಸಂದರ್ಭದಲ್ಲಿ 108ಕ್ಕೆ ಕರೆ ಮಾಡತಕ್ಕದ್ದು.

5) ಪಾಳಿಯಲ್ಲಿ ಒಬ್ಬರೇ ಇರುವ ಸಿಬ್ಬಂದಿಯ ಮೇಲೆ ಕೋಪ ತೋರುವುದರಿಂದ ಪರಿಹಾರ ದೊರೆಯದು. ವೈದ್ಯಕೀಯ ಸೇವಾ ಸಿಬ್ಬಂದಿಯ ಮೇಲಿನ ಹಲ್ಲೆಯು 2009ರ ರಾಜ್ಯ ಅಧಿನಿಯಮದಂತೆ ಶಿಕ್ಷಾರ್ಹ ಅಪರಾಧ. ಅಂದು ಬಂದವರು ಅವರೊಬ್ಬರೇ. ದೂರು ಇರಬೇಕಾದದ್ದು ಬಾರದ ಎರಡನೆಯವರ ಬಗ್ಗೆ.

12. ಸಾರಾಂಶ

ಸುರಕ್ಷತೆ ಮತ್ತು ವೆಚ್ಚ ಎರಡೂ ಸಾರ್ವಜನಿಕರದೇ. ರೋಗಿಯೂ ಅವರೇ, ತೆರಿಗೆ ಕಟ್ಟುವವರೂ ಅವರೇ. ಆದ್ದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುವ ಪ್ರಶ್ನೆ ಇಲ್ಲಿಲ್ಲ. ಯಾವುದನ್ನು ಮೊದಲು ನಿರ್ಧರಿಸಬೇಕು ಎಂಬ ಪ್ರಶ್ನೆ ಇದೆ. ಪ್ರತಿ ಪಾಳಿಯಲ್ಲಿ ಕನಿಷ್ಠ ಎಷ್ಟು ಜನ ಇರಲೇಬೇಕು ಎಂಬುದನ್ನು ಮೊದಲು ನಿಗದಿಪಡಿಸಿ, ಅದನ್ನು ಕಡಿಮೆ ವೆಚ್ಚದಲ್ಲಿ ಸಾಧಿಸುವ ಮಾರ್ಗವನ್ನು ನಂತರ ಹುಡುಕುವುದು ಸರಿಯಾದ ಕ್ರಮ. ಹಣವನ್ನು ಮೊದಲು ನಿಗದಿಪಡಿಸಿ, ಅದರಲ್ಲಿ ಎಷ್ಟು ಪಾಳಿ ತುಂಬುತ್ತದೆಯೋ ಅಷ್ಟೇ ಸಾಕೆನ್ನುವುದು ಉಳಿದ ಪಾಳಿಗಳನ್ನು ಅದೃಷ್ಟಕ್ಕೆ ಬಿಟ್ಟಂತೆ.

ಶುಶ್ರೂಷಾ ಶಿಕ್ಷಣ ಮತ್ತು ವೃತ್ತಿಯ ನಿಯಂತ್ರಣಕ್ಕಾಗಿ 1947ರ ಕಾಯಿದೆಯ ಬದಲಿಗೆ 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಸೇವಾ ಆಯೋಗ ಅಧಿನಿಯಮವನ್ನು ರಚಿಸಲಾಗಿದೆ. ಕಾನೂನು, ಮಾನದಂಡ, ಅನುದಾನ ಇವೆಲ್ಲವೂ ಅಗತ್ಯ. ಆದರೆ ಗಲಗಲಿ ಭಾಗದ ಕುಟುಂಬಕ್ಕೆ ಇವೆಲ್ಲದರ ಅರ್ಥ ನಿರ್ಧಾರವಾಗುವುದು ರಾತ್ರಿ ಎರಡು ಗಂಟೆಗೆ, ಆಸ್ಪತ್ರೆಯ ಬಾಗಿಲು ತಟ್ಟಿದಾಗ, ಒಳಗಿನಿಂದ ಉತ್ತರ ಬರುತ್ತದೆಯೇ ಎಂಬುದರಲ್ಲಿ. ಆ ಉತ್ತರವನ್ನು ಮುಂಚಿತವಾಗಿ ಕೇಳಿ ತಿಳಿದುಕೊಳ್ಳುವ ಹಕ್ಕು ಪ್ರತಿಯೊಬ್ಬ ನಾಗರಿಕರಿಗೂ ಇರುತ್ತದೆ.